ಎಮ್ಮಿ ಆದ್ರ ಒದರತಿತ್ತು!



ಈ ವಾರ ಗಾಂಧಿನಗರದ ಗಾಳಿಸುದ್ದಿ ಇಲ್ಲ. ಯಾವ ನಾಯಕ ಯಾವ ನಿರ್ದೇಶಕನ ಮೇಲೆ ಮುನಿಸಿಕೊಂಡ, ಯಾವ ಚಿತ್ರ ಯಾಕೆ ಬಿಡುಗಡೆಯಾಗದೆ ಕೂತಿದೆ... ಅದೆಲ್ಲ ಪಕ್ಕದ ಪುಟದವರ ಕಸುಬು. ಬಸ್ಸು ಹೊರಡುವುದರೊಳಗೆ ಅದನ್ನು ಓದಿ ಮುಗಿಸಿ. ಬಸ್ಸು ಊರು ದಾಟಿದ ಮೇಲೆ ಇಲ್ಲಿಗೆ ಬನ್ನಿ. ಸ್ವಲ್ಪ ನಿಧಾನದ ವಿಷಯ.

ಹಾಡಿನ ಬಗ್ಗೆ, ವಾದ್ಯದ ಬಗ್ಗೆ ಕೇಳಿ ಈ ಪುಟಕ್ಕೆ ಪತ್ರಗಳು ಬರುತ್ತಲೇ ಇರುತ್ತವೆ. ಮೊನ್ನೆ ಬಂದ ಒಂದು ಪತ್ರದ ಮೇಲಿನ ಊರಿನ ಹೆಸರು ನೋಡಿ ನನ್ನ ಕೈ ಅಲ್ಲೇ ನಿಂತಿತು. ಲಚ್ಯಾಣ, ತಾಲೂಕು ಇಂಡಿ. ಅಯ್ಯೋ, ನನ್ನೂರು! ಸಿದ್ಧಲಿಂಗ ಮಹಾರಾಜರ ಮಠದ ಊರು. ರೈಲು ನಿಂತು ಹೋಗುವ ಊರು. ಪತ್ರ ಹೀಗಿದೆ, ಹುಡುಗನ ಹೆಸರು ಬಿಟ್ಟು ಉಳಿದದ್ದೆಲ್ಲ ಅವನ ಮಾತೇ:

“ಅಣ್ಣಾರಿಗೆ ನಮಸ್ಕಾರ್ರಿ. ನನಗ 20 ವರ್ಷರಿ. ಸಣ್ಣಾಂವ ಇದ್ದಾಗಿಂದ ಮಠದಾಗ ಭಜನಿಗೆ ಪೇಟಿ ಬಾರಿಸತೀನ್ರಿ. ಈಗ ಆರ್ಕೆಸ್ಟ್ರಾದಾಗ ಸೇರಬೇಕಂತ ಭಾಳ ಆಸೆ ಆಗೇತ್ರಿ. ಅಪ್ಪಾರು ಈ ವರ್ಷದ ಲಿಂಬಿ ದುಡ್ಡಿನಾಗ 60 ಸಾವಿರ ಕೊಡತೀನಿ, ಒಂದ ಸಲ ಅಷ್ಟ, ಮತ್ತ ಕೇಳಬ್ಯಾಡ ಅಂದಾರ್ರಿ. ನನ್ನ ದೋಸ್ತ ಒಬ್ಬಾಂವ ಸಣ್ಣದು ತೊಗೋಬ್ಯಾಡ, ದೊಡ್ಡ ಸಿಂಥಸೈಜರ್ ತೊಗೊ, ಸಿನಿಮಾದಾಗಿನ ಸೌಂಡೆಲ್ಲಾ ಅದರಾಗ ಇರತಾವ ಅಂತಾನ್ರಿ. ತೊಗೊಳ್ಳೇನ್ರಿ?”

ನೋಡಿ, ಈ ಪತ್ರದಲ್ಲಿ ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಸಿಂಥಸೈಜರ್ ಅಲ್ಲ. ‘ಒಂದ ಸಲ ಅಷ್ಟ’ ಅನ್ನೋ ಮಾತು! ಇಂಡಿ ಲಿಂಬೆಗೆ ಈಗ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿದೆ, ಹೆಸರು ದೊಡ್ಡದಾಗಿದೆ, ನಿಜ. ಆದರೆ ಲಿಂಬಿ ಬೆಳೆದವನನ್ನು ಕೇಳಿ. ಬೇಸಿಗೆಯಲ್ಲಿ ಬಂಗಾರ, ಮಳೆಗಾಲದಲ್ಲಿ ಚೀಲದ ಬಾಡಿಗೆಯೂ ಹುಟ್ಟೋದಿಲ್ಲ. ಅಂಥ ದುಡ್ಡಿನಲ್ಲಿ ಒಬ್ಬ ಅಪ್ಪ 60 ಸಾವಿರ ಎಣಿಸಿ ಮಗನ ಕೈಗೆ ಇಡುತ್ತಾನೆ ಅಂದರೆ... ತಪ್ಪು ಪೆಟ್ಟಿಗೆ ತಂದರೆ ಆ ಮನೆಯಲ್ಲಿ ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ನಾನು ತಂದಿದ್ದೆ!

ನಾನೂ ಒಂದು ಕಾಲಕ್ಕೆ ಇಪ್ಪತ್ತರ ಹುಡುಗನೇ ಸ್ವಾಮೀ. 1987ರಲ್ಲಿ ‘ಪ್ರೇಮಲೋಕ’ ಬಂತು. ಬಿಜಾಪುರದ ಟಾಕೀಸಿನಲ್ಲಿ ನೋಡಿದೆ. (ಆಗ ಬಿಜಾಪುರವೇ. ವಿಜಯಪುರ ಅಂತ ಹೆಸರು ಬದಲಾದದ್ದು 2014ರಲ್ಲಿ.) ಜೊತೆಗಿದ್ದವರೆಲ್ಲ ರವಿಚಂದ್ರನ್ ಜಾಕೆಟ್ಟು, ಬೈಕು, ಜೂಹಿ ಚಾವ್ಲಾ ನಗು ಅಂತ ಕಣ್ಣು ಕೆಡಿಸಿಕೊಂಡರು. ನನಗೆ ಕೆಟ್ಟದ್ದು ಕಿವಿ. ಹಂಸಲೇಖರ ಆ ಹಾಡುಗಳಲ್ಲಿ ಪೇಟಿಯಲ್ಲೂ ಇಲ್ಲದ, ಕೊಳಲಲ್ಲೂ ಇಲ್ಲದ ಒಂದು ಹೊಳಪಿನ ಸದ್ದು. ಅದೇನು ಅಂತ ಕೇಳಿದರೆ ಯಾರೋ ಹೇಳಿದರು: ಸಿಂಥಸೈಜರ್. ಆಯಿತು, ಅದೊಂದು ಸಿಕ್ಕರೆ ನಾನೂ ಹಂಸಲೇಖ!

ಮೂರು ವರ್ಷ ಅಪ್ಪನ ಬೆನ್ನು ಬಿದ್ದೆ. 1990ರಲ್ಲಿ ಅಪ್ಪ ಎರಡು ಎಮ್ಮೆ ಮಾರಿದರು. ನಾನು ಲಚ್ಯಾಣದಲ್ಲಿ ಗಾಡಿ ಹತ್ತಿದೆ. ಆಗ ಸಣ್ಣ ಹಳಿ, ಮೀಟರ್ ಗೇಜ್. ನಮ್ಮ ಹಳಿಯ ಮಜಾ ನೋಡಿ... ಈ ಕಡೆ ತುದಿಗೆ ಹೋದರೆ ಸೋಲಾಪುರ, ವಾದ್ಯ ಕೊಳ್ಳುವ ಪೇಟೆ. ಆ ಕಡೆ ತುದಿಗೆ ಹೋದರೆ ಗದಗ, ವೀರೇಶ್ವರ ಪುಣ್ಯಾಶ್ರಮ, ಪುಟ್ಟರಾಜ ಗವಾಯಿಗಳು ಕೂತು ವಾದ್ಯ ಕಲಿಸುತ್ತಿದ್ದ ಊರು. ನಾನು ಹತ್ತಿದ್ದು ಸೋಲಾಪುರದ ಗಾಡಿ. ಗದಗದ ಗಾಡಿ ಮೊದಲು ಹತ್ತಬೇಕಿತ್ತು ಅನ್ನೋದು ಹೊಳೆದದ್ದು ಬಹಳ ತಡವಾಗಿ.

ಒಬ್ಬ ಆರ್ಕೆಸ್ಟ್ರಾದವನ ಹತ್ತಿರ ಹಳೆಯ ಸಿಂಥಸೈಜರ್ ಮಾರಾಟಕ್ಕಿತ್ತು. ಯಾವ ಕಂಪನಿಯದು ಅಂತ ಹೇಳೋದಿಲ್ಲ, ತಪ್ಪು ಕಂಪನಿಯದಲ್ಲ. ಅವನ ಕೋಣೆಯಲ್ಲಿ ಬಾರಿಸಿ ತೋರಿಸಿದ. ಗೋಡೆ ನಡುಗಿತು! ದುಡ್ಡು ಕೊಟ್ಟೆ, ಗೋಣಿಚೀಲದಲ್ಲಿ ಸುತ್ತಿಕೊಂಡೆ, ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡ ಹಾಗೆ ಊರಿಗೆ ತಂದೆ. ಪಡಸಾಲೆಯಲ್ಲಿ ಅರ್ಧ ಊರು ಸೇರಿತ್ತು. ಕರೆಂಟು ಕೊಟ್ಟೆ. ಕೆಂಪು ದೀಪ ಹತ್ತಿತು. ಎರಡೂ ಕೈ ಎತ್ತಿ, ಸಿನಿಮಾದಲ್ಲಿ ನೋಡಿದ ಹಾಗೆ, ದಪ್ಪನೆ ಇಳಿಸಿದೆ...

ಸದ್ದೇ ಇಲ್ಲ!

ಮತ್ತೆ ಒತ್ತಿದೆ. ಟಕಟಕ ಅಂತ ಪ್ಲಾಸ್ಟಿಕ್ಕಿನ ಸದ್ದು, ಅಷ್ಟೇ. ಅದಕ್ಕೆ ಸ್ಪೀಕರೇ ಇರಲಿಲ್ಲ ಕಣ್ರೀ! ಅವನ ಕೋಣೆಯಲ್ಲಿ ಮೂಲೆಗಿಟ್ಟ ಆಂಪ್ಲಿಫೈಯರಿನಿಂದ ಸದ್ದು ಬಂದಿತ್ತು. ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಜನ ಒಬ್ಬೊಬ್ಬರೇ ಎದ್ದು ಹೋದರು. ಅಪ್ಪ ಒಂದು ಮಾತೂ ಆಡದೆ ಹಗ್ಗ ತೆಗೆದುಕೊಂಡು ಕೊಟ್ಟಿಗೆಗೆ ಹೋದರು. ಕೊಟ್ಟಿಗೆಯಲ್ಲಿ ಕಟ್ಟೋಕೆ ಏನೂ ಉಳಿದಿರಲಿಲ್ಲ. ಕಂಬಕ್ಕೆ ಆತು ಕೂತಿದ್ದ ನಮ್ಮ ಆಯಿ ಮಾತ್ರ ಬಾಯಿ ಬಿಟ್ಟಳು: “ಎಮ್ಮಿ ಆದ್ರ ಒದರತಿತ್ತು!”

ಈ ಮಾತು ನಮ್ಮೂರಲ್ಲಿ ಹತ್ತು ವರ್ಷ ಓಡಿತು. ನಾನು ಹೋದಲ್ಲೆಲ್ಲ ಎಮ್ಮೆಯ ಹಾಗೆ ಒದರಿ ತೋರಿಸೋರು.

ಮರುದಿನ ಭಜನೆಯವರ ಆಂಪ್ಲಿಫೈಯರ್ ಬೇಡಿ ತಂದೆ. ಮೈಕಿನ ತೂತಿಗೆ ಈ ವೈರು ಚುಚ್ಚಿದೆ. ಭೋಂಗಾ ಹೇಗೆ ಕಿರುಚಿತು ಅಂದರೆ ಊರ ನಾಯಿಗಳೆಲ್ಲ ಎದ್ದು ನಿಂತವು. ಮೈಕಿನಿಂದ ಬರೋದು ಸಣ್ಣ ಕರೆಂಟು, ಸಿಂಥಸೈಜರಿನಿಂದ ಬರೋದು ಅದರ ಎಷ್ಟೋ ಪಟ್ಟು. ಮೈಕಿನ ತೂತಿಗೆ ಹಾಕಿದರೆ ಸದ್ದು ಹರಿದೇ ಹೋಗುತ್ತೆ. ಲೈನ್ ಅಥವಾ ಆಕ್ಸ್ ಅಂತ ಬರೆದ ತೂತು ಬೇರೆ ಇರುತ್ತೆ, ಅಲ್ಲಿ ಹಾಕಬೇಕು. ಆಗ ಯಾರಿಗೆ ಗೊತ್ತು?

ಸದ್ದು ಕೇಳಿ ನಮ್ಮ ಪೇಟಿ ಮಾಸ್ತರರು ಬಂದರು. ಕನ್ನಡಕ ಏರಿಸಿ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು: “ತಮ್ಮಾ, ಇದಕ್ಕ ಗಾಳಿ ಎಲ್ಲಿಂದ ಹಾಕೂದೋ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಪ್ರಶ್ನೆಯ ಬೆಲೆ ನನಗೆ ಆರ್ಕೆಸ್ಟ್ರಾ ಸೇರಿದ ಮೇಲೆ ತಿಳಿಯಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ದೋಸ್ತನ ಮಾತು ತೆಗೆದುಕೊಳ್ಳೋಣ: ಸಿನಿಮಾದ ಸೌಂಡೆಲ್ಲ ಅದರೊಳಗೆ ಇರತಾವಂತೆ!

ಇರೋದಿಲ್ಲ ತಮ್ಮಾ. 1954ರಲ್ಲಿ ‘ನಾಗಿನ್’ ಬಂತು. ಇವತ್ತಿಗೂ ಮದುವೆ ಬ್ಯಾಂಡಿನವರು ಆ ಪುಂಗಿ ಎತ್ತಿದರೆ ಟವೆಲ್ಲು ಬಾಯಲ್ಲಿ ಕಚ್ಚಿಕೊಂಡು ಕುಣಿಯೋರು ಇದ್ದಾರೆ. ಅದು ಪುಂಗಿಯೇ ಅಲ್ಲ! ಸಂಗೀತ ಹೇಮಂತ್ ಕುಮಾರ್ ಅವರದು. ಅವರ ಸಹಾಯಕರಾಗಿದ್ದ ಕಲ್ಯಾಣಜಿ (ಮುಂದೆ ಕಲ್ಯಾಣಜಿ-ಆನಂದಜಿ ಅಂತ ಹೆಸರಾದ ಜೋಡಿಯ ಕಲ್ಯಾಣಜಿಯೇ) ಕ್ಲಾವಿಯೋಲಿನ್ ಅನ್ನೋ ಪುಟ್ಟ ವಿದ್ಯುತ್ ವಾದ್ಯ ನುಡಿಸಿದರು. ಇನ್ನೊಬ್ಬ ಸಹಾಯಕ ರವಿ ಹಾರ್ಮೋನಿಯಂ ನುಡಿಸಿದರು. ಆ ಕ್ಲಾವಿಯೋಲಿನ್ ಒಂದು ಸಲಕ್ಕೆ ಒಂದೇ ಸ್ವರ ಕೊಡೋ ಸಾಮಾನು. ಹಾವು ಹೆಡೆ ಎತ್ತಿದ್ದು ಪೆಟ್ಟಿಗೆಯಿಂದಲ್ಲ, ಆ ಎರಡು ಜೋಡಿ ಕೈಗಳಿಂದ.

ಇನ್ನೊಂದು ಕೇಳಿ. ಮುಂಬೈ ಚಿತ್ರಗೀತೆಗಳಿಗೆ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಅನ್ನೋರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳದಲ್ಲಿ ನುಡಿಸಿ ರೆಕಾರ್ಡ್ ಮಾಡಿದರು. ಆಗ ಯಾರೂ ಕಿವಿಗೊಡಲಿಲ್ಲ. 2010ರಲ್ಲಿ ಹೊರದೇಶದವರು ಮತ್ತೆ ಬಿಡುಗಡೆ ಮಾಡಿದ ಮೇಲೆ, ಅರೆ, ಇದು ನಮ್ಮ ಕ್ಲಬ್ಬಿನ ಸಂಗೀತಕ್ಕಿಂತ ಮೊದಲೇ ಬಂದದ್ದಲ್ಲಾ ಅಂತ ಮೂಗಿನ ಮೇಲೆ ಬೆರಳಿಟ್ಟರು. ಅದೇ ಯಂತ್ರಗಳು ಆಗ ಎಷ್ಟೋ ಜನರ ಬಳಿ ಇದ್ದವು. ರಾಗ ಮಾತ್ರ ಅವರ ಬೆರಳಿನಲ್ಲಿತ್ತು.

ಎ.ಆರ್. ರೆಹಮಾನ್ ಕಥೆ ನಿಮಗೆಲ್ಲ ಗೊತ್ತು. 1976ರಲ್ಲಿ ತಂದೆ ಆರ್.ಕೆ. ಶೇಖರ್ ತೀರಿಕೊಂಡರು, ಹುಡುಗನಿಗೆ ಒಂಬತ್ತು ವರ್ಷ. ತಂದೆಯ ವಾದ್ಯಗಳನ್ನು ಬಾಡಿಗೆಗೆ ಕೊಟ್ಟು ಮನೆ ನಡೆಯಿತು. ಆಮೇಲೆ ಹುಡುಗನೇ ಕೀಬೋರ್ಡಿಗೆ ಕೂತ. ಇಳಯರಾಜ, ನಮ್ಮ ವಿಜಯಭಾಸ್ಕರ್, ನಮ್ಮ ಹಂಸಲೇಖ, ಇವರೆಲ್ಲರ ವಾದ್ಯವೃಂದದಲ್ಲಿ ನುಡಿಸಿ ಕೈ ಪಳಗಿಸಿಕೊಂಡವರು ಅವರು. ಮತ್ತೆ ನಮ್ಮ ಸಾಧು ಕೋಕಿಲ! ತೆರೆಯ ಮೇಲೆ ಬಂದರೆ ಸಾಕು ನೀವು ಶಿಳ್ಳೆ ಹೊಡೆಯುತ್ತೀರಿ. ಆ ಮನುಷ್ಯ ಮೊದಲು ಕೀಬೋರ್ಡ್ ಪಟು. 1993ರ ಉಪೇಂದ್ರರ ‘ಶ್!’ ಚಿತ್ರಕ್ಕೆ ಸಂಗೀತ ಕೊಟ್ಟವರು. ಮುಂದಿನ ಸಲ ಅವರ ಕಾಮಿಡಿ ನೋಡುವಾಗ ಬೆರಳುಗಳನ್ನೂ ಒಮ್ಮೆ ನೋಡಿ.

ಇರಲಿ. ಈಗ ಪೆಟ್ಟಿಗೆಗಳ ವಿಷಯ.

ನಮ್ಮ ಕಡೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲಿ ಹೋಗಿ, ಕರಿ ಬಿಳಿ ಪಟ್ಟಿ ಇದ್ದು ಕರೆಂಟಿನಿಂದ ನುಡಿಯೋದಕ್ಕೆಲ್ಲ ಒಂದೇ ಹೆಸರು: ಕ್ಯಾಸಿಯೋ. ಯಮಹಾ ಆದರೂ ಕ್ಯಾಸಿಯೋ, ರೋಲ್ಯಾಂಡ್ ಆದರೂ ಕ್ಯಾಸಿಯೋ. ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರರ ಜಾಗಕ್ಕೆ ಬಂದವನು ‘ಕ್ಯಾಸಿಯೋ ಮಾಸ್ತರ’. ಲೆಕ್ಕದ ಯಂತ್ರ, ಗಡಿಯಾರ ಮಾಡುತ್ತಿದ್ದ ಆ ಜಪಾನಿ ಕಂಪನಿ 1980ರಲ್ಲಿ ಕ್ಯಾಸಿಯೋಟೋನ್ ಅಂತ ವಾದ್ಯಕ್ಕೆ ಕೈ ಹಾಕಿತು, ಹೆಸರು ಅಂಟಿಕೊಂಡುಬಿಟ್ಟಿತು. ಆದರೆ ಈ ಒಂದೇ ಹೆಸರಿನಿಂದಲೇ ನಮ್ಮ ಹುಡುಗರು ಮೋಸ ಹೋಗೋದು. ಒಳಗೆ ಮೂರು ಬೇರೆ ಬೇರೆ ಜಾತಿ ಇವೆ.

ಒಂದು, ಕೀಬೋರ್ಡ್. ಸ್ಪೀಕರ್ ಒಳಗೇ ಇರುತ್ತೆ, ತಾಳ ಒಳಗೇ ಇರುತ್ತೆ. ಬಲಗೈಯಲ್ಲಿ ಹಾಡು, ಎಡಗೈಯಲ್ಲಿ ಕಾರ್ಡ್ ಹಿಡಿದರೆ ಗಿಟಾರು, ಡ್ರಮ್ಸು, ಬೇಸು ಎಲ್ಲ ಅದೇ ಹಿಂಬಾಲಿಸುತ್ತೆ. ಎರಡು, ಸಿಂಥಸೈಜರ್. ಸದ್ದನ್ನು ತಿದ್ದೋಕೆ, ಒಂದರ ಮೇಲೊಂದು ಹೇರೋಕೆ, ಪಟ್ಟಿಗಳನ್ನು ಪಾಲು ಮಾಡಿ ಎಡಕ್ಕೊಂದು ಬಲಕ್ಕೊಂದು ವಾದ್ಯ ಇಟ್ಟುಕೊಳ್ಳೋಕೆ ಮಾಡಿದ್ದು. ಸಾಮಾನ್ಯವಾಗಿ ಸ್ಪೀಕರ್ ಇರೋದಿಲ್ಲ (ನನ್ನನ್ನು ಕೇಳಿ!). ಮೂರು, ಮಿಡಿ ಕೀಬೋರ್ಡ್. ನೋಡೋಕೆ ಚೆಂದ, ದರವೂ ಕಡಿಮೆ, ಆದರೆ ಸ್ವಂತ ಸದ್ದೇ ಇಲ್ಲ. ಕಂಪ್ಯೂಟರಿಗೆ ಜೋಡಿಸಿದರೆ ಮಾತ್ರ ಕಂಪ್ಯೂಟರ್ ನುಡಿಯುತ್ತೆ. ಇವತ್ತು ಸಿನಿಮಾ ಸಂಗೀತ ಬಹುಪಾಲು ಆಗೋದು ಇದರಲ್ಲೇ. ಕಂಪ್ಯೂಟರ್ ಇಲ್ಲದವನು ಇದನ್ನು ತಂದರೆ ನಮ್ಮ ಆಯಿ ಸ್ವರ್ಗದಿಂದಲೇ ಅದೇ ಮಾತು ಹೇಳ್ತಾಳೆ.

ಇನ್ನು ಯಾರಿಗೆ ಯಾವುದು?

ಏನೂ ಬಾರದ ಕೈ ಇದ್ದರೆ, ಅಣ್ಣನ ಮಗನಿಗೆ ಜಾತ್ರೆಯಲ್ಲಿ ಕೊಡಿಸೋ ಪುಟ್ಟ ಪಟ್ಟಿಯದನ್ನು ಮುಟ್ಟಬೇಡಿ. 32 ಸಣ್ಣ ಪಟ್ಟಿಯದು ಮಕ್ಕಳ ಬೆರಳಿಗೆ ಸರಿ. ನೇಗಿಲು ಹಿಡಿದ ಬೆರಳಿಗೆ ಒಂದೇ ಸಲ ಎರಡು ಪಟ್ಟಿ ಸಿಗುತ್ತೆ. ಅದರಲ್ಲಿ ಕೂತ ಕೈ ದೊಡ್ಡದರಲ್ಲಿ ಮತ್ತೆ ಮೊದಲಿಂದ ಕಲಿಯಬೇಕು. ಪೂರ್ತಿ ಅಳತೆಯ 61 ಪಟ್ಟಿ, ಅಂದರೆ ಐದು ಸಪ್ತಕ, ಅದಕ್ಕಿಂತ ಕಡಿಮೆ ಬೇಡ. ಪಿಯಾನೋಗೆ 88 ಇರುತ್ತವೆ, ನಮಗೆ ಬೇಡ, ಬಸ್ಸಿನಲ್ಲಿ ಹಿಡಿಸೋದೂ ಇಲ್ಲ. 61ರಲ್ಲೂ ‘ಟಚ್’ ಇರೋದನ್ನೇ ನೋಡಿ. ಹೀಗಂದರೆ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಹೊಡೆದರೆ ಜೋರಾಗಿ ನುಡಿಯೋದು. ಕ್ಯಾಸಿಯೋ ಸಿಟಿ-ಎಸ್ 300ರಲ್ಲಿ ಟಚ್ ಇದೆ. ನೋಡೋಕೆ ಅದರ ತಮ್ಮನ ಹಾಗಿರೋ ಸಿಟಿ-ಎಸ್ 200ರಲ್ಲಿ ಇಲ್ಲ. ಯಮಹಾದಲ್ಲೂ ಹಾಗೇ: ಪಿಎಸ್ಆರ್-ಇ 373ರಲ್ಲಿ ಇದೆ, 273ರಲ್ಲಿ ಇಲ್ಲ. ಎರಡಕ್ಕೂ ನಡುವೆ ಕೆಲವು ಸಾವಿರದ ವ್ಯತ್ಯಾಸ. ಆ ಕೆಲವು ಸಾವಿರ ಉಳಿಸೋಕೆ ಹೋದವನು ವರ್ಷದೊಳಗೆ ಮತ್ತೊಂದು ಕೊಳ್ಳುತ್ತಾನೆ, ಬರೆದಿಟ್ಟುಕೊಳ್ಳಿ.

ಈಗ ಮಾಸ್ತರರ ಪ್ರಶ್ನೆಗೆ ಬಂದೆ. ಗಾಳಿ ಎಲ್ಲಿಂದ ಹಾಕೂದು?

ಪೇಟಿಯಲ್ಲಿ ಎಡಗೈ ಏನು ಮಾಡುತ್ತೆ? ಗಾಳಿ ಹಾಕುತ್ತೆ. ಬರೀ ಗಾಳಿ ಅಂದುಕೊಂಡಿರಾ? ಸದ್ದಿನ ಏರಿಳಿತವೆಲ್ಲ ಎಡಗೈಯಲ್ಲೇ ಇರೋದು! ಭಜನೆ ಏರುವಾಗ ತಿದಿ ಜೋರು, ಇಳಿಯುವಾಗ ಮೆಲ್ಲಗೆ. ಬಲಗೈ ಬೆರಳು ಹೇಗೆ ಒತ್ತಿದರೂ ಪೇಟಿಗೆ ಒಂದೇ. ಈಗ ಅದೇ ಮನುಷ್ಯನನ್ನು ಕೀಬೋರ್ಡಿಗೆ ಕೂಡಿಸಿ. ಏರಿಳಿತ ಎಡಗೈಯಿಂದ ಕಿತ್ತುಕೊಂಡು ಬಲಗೈ ಬೆರಳಿಗೆ ಹೋಯಿತು. ಎಡಗೈ ನಿರುದ್ಯೋಗಿ ಆಯಿತು. ಇಪ್ಪತ್ತು ವರ್ಷ ಪೇಟಿ ಬಾರಿಸಿದ ಘಟಾನುಘಟಿಗಳು ಕೀಬೋರ್ಡಿನ ಮುಂದೆ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದನ್ನು ನಾನು ನೋಡಿದ್ದೇನೆ. ಟಚ್ ಇಲ್ಲದ ಪೆಟ್ಟಿಗೆ ಸಿಕ್ಕರಂತೂ ಅವರ ಎರಡೂ ಕೈ ಕಟ್ಟಿ ಹಾಕಿದ ಹಾಗೆ. ಏರಿಳಿತ ಎಲ್ಲೂ ಇಲ್ಲ. ಹಾಡು ಚಪ್ಪಟೆ. ಮಾಸ್ತರರು ಕೇಳಿದ್ದು ಇದನ್ನೇ ಅಂತ ನನಗೆ ಆಮೇಲೆ ಅರ್ಥವಾಯಿತು. ಅಷ್ಟು ಹೊತ್ತಿಗೆ ಮಾಸ್ತರರು ಇರಲಿಲ್ಲ.

ಪೇಟಿ ಬಲ್ಲವನಿಗೆ ಇನ್ನೊಂದು ಬೇಕು, ‘ಬೆಂಡರ್’. ಎಡತುದಿಯಲ್ಲಿರೋ ಸಣ್ಣ ಚಕ್ರ. ಪೇಟಿಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋಕೆ ಬರೋದಿಲ್ಲ, ಮೆಟ್ಟಿಲು ಹತ್ತಬೇಕು. ಮೀಂಡ್ ಇಲ್ಲ, ಶ್ರುತಿ ನಮ್ಮದಲ್ಲ ಅಂತಲೇ ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗೆ ಕಳಿಸಿತ್ತು. ಮತ್ತೆ ಬಾಗಿಲು ಸ್ವಲ್ಪ ತೆರೆದದ್ದು 1971ರಲ್ಲಿ. ಈ ಚಕ್ರ ಇದ್ದರೆ ಕೊಳಲು, ಶಹನಾಯಿ, ಸಾರಂಗಿ ಟೋನಿನಲ್ಲಿ ಸ್ವರ ಜಾರಿಸಬಹುದು. ನೋಡಿ, ನಿರುದ್ಯೋಗಿ ಎಡಗೈಗೆ ಇದು ಮೊದಲ ನೌಕರಿ!

ಭಾರತಕ್ಕಂತಲೇ ಮಾಡಿದ ಕೀಬೋರ್ಡುಗಳಿವೆ. ಕ್ಯಾಸಿಯೋದಲ್ಲಿ ಹೆಸರಿನ ಕೊನೆಗೆ ‘ಐಎನ್’ ಅಂತ ಇರುತ್ತೆ. ಯಮಹಾದಲ್ಲಿ ಪಿಎಸ್ಆರ್-ಐ 500 ಅಂಥದು. ತಬಲಾ, ಢೋಲಕ್ ತಾಳಗಳು, ತಂಬೂರಿ ಶ್ರುತಿ, ಸಿತಾರು, ಎಲ್ಲ ಒಳಗೇ. ಪೇಟಿಯಿಂದ ಬಂದ ಹುಡುಗನಿಗೆ ಇದಕ್ಕಿಂತ ಹೊಂದುವ ಜಾತಿ ಇನ್ನೊಂದಿಲ್ಲ. ದರ ಅಂಗಡಿಯಿಂದ ಅಂಗಡಿಗೆ ಬೇರೆ, ಆದರೂ 60 ಸಾವಿರದ ಅರ್ಧದ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತೆ.

ಹಾಂ, ಟ್ರಾನ್ಸ್‌ಪೋಸ್ ಗುಂಡಿಯ ವಿಷಯ. ನಮ್ಮವರಿಗೆ ಕರಿ ಒಂದರಲ್ಲಿ ಕೈ ಕೂತಿರುತ್ತೆ, ಗಾಯಕ ಬಿಳಿ ನಾಲ್ಕು ಅಂತಾನೆ. ಗುಂಡಿ ನಾಲ್ಕು ಸಲ ಒತ್ತಿದರೆ ಕೈ ಕರಿ ಒಂದರಲ್ಲೇ ಇದ್ದು ಸದ್ದು ಬಿಳಿ ನಾಲ್ಕರಲ್ಲಿ ಬರುತ್ತೆ. ದೇವರ ವರ! ಆದರೆ ಹಾಡು ಮುಗಿದ ಮೇಲೆ ಸೊನ್ನೆಗೆ ತರೋದು ಮರೆತಿರೋ... ಬಿಜಾಪುರದ ಕಂದಗಲ್ ಹನುಮಂತರಾಯ ರಂಗಮಂದಿರದಲ್ಲಿ ಒಂದು ಸಲ ನಾನು ಮರೆತೆ. ಗಾಯಕಿ ಒಂದು ಕಡೆ, ಗಿಟಾರು ಒಂದು ಕಡೆ, ನಾನು ಮುಂಬೈ ಕಡೆ. ಆ ಗಾಯಕಿ ಇವತ್ತಿಗೂ ನನ್ನ ಜೊತೆ ಮಾತಾಡೋದಿಲ್ಲ.

ಮೂರನೆಯ ಕೈ, ಆರ್ಕೆಸ್ಟ್ರಾದ ಕೈ. ಎರಡೂ ಕೈ ಸ್ವತಂತ್ರ, ಕಾರ್ಡ್ ಕಂಠಪಾಠ, ಹಾಡಿನ ನಡುವೆ ಕ್ಷಣದಲ್ಲಿ ಟೋನ್ ಬದಲಿಸೋ ಚಳಕ. ಇಂಥವರಿಗೆ ಸಿಂಥಸೈಜರ್. ನಮ್ಮ ದೇಶದ ಆರ್ಕೆಸ್ಟ್ರಾಗಳಲ್ಲಿ ರೋಲ್ಯಾಂಡ್ ಎಕ್ಸ್‌ಪಿಎಸ್-10, ಎಕ್ಸ್‌ಪಿಎಸ್-30 ಬಹಳ ಕಾಣುತ್ತವೆ. 61 ಪಟ್ಟಿ, ಹಗುರ, ಬೇಕಾದ ಸದ್ದನ್ನು ಪೆನ್‌ಡ್ರೈವಿನಿಂದ ತುಂಬಿಕೊಳ್ಳಬಹುದು. ಆದರೆ ಲೆಕ್ಕ ಹಾಕುವಾಗ ಪೆಟ್ಟಿಗೆಯ ದರ ಮಾತ್ರ ನೋಡಬೇಡಿ. ಸ್ಪೀಕರ್ ಬೇರೆ, ಸ್ಟ್ಯಾಂಡ್ ಬೇರೆ, ಪೆಡಲ್ ಬೇರೆ, ವೈರು ಬೇರೆ, ಧೂಳು ಹಿಡಿಯದ ಚೀಲ ಬೇರೆ. 60 ಸಾವಿರದ ಪೆಟ್ಟಿಗೆ ತಂದವನ ಜೇಬಿನಲ್ಲಿ ವೈರಿಗೂ ದುಡ್ಡಿರೋದಿಲ್ಲ. ಇದರ ಮೇಲಿನವು, ಲಕ್ಷ ದಾಟಿದ ಯಮಹಾ, ಕೊರ್ಗ್ ಅರೇಂಜರುಗಳು, ಹೆಸರು ಮಾಡಿದವರಿಗೆ. ಅದರ ಸಾಲಕ್ಕೆ ಅದೇ ದುಡಿದು ಕೊಡೋ ಹಾಗಿದ್ದರೆ ಮಾತ್ರ.

ಅಂಗಡಿಗೆ ಹೋದಾಗ ಒಂದು ನಾಟಕ ನಡೆಯುತ್ತೆ, ಎಚ್ಚರ! ಅಂಗಡಿಯವನು ‘ಡೆಮೋ’ ಗುಂಡಿ ಒತ್ತುತ್ತಾನೆ. ಯಂತ್ರ ತಾನೇ ಬಾರಿಸಿಕೊಳ್ಳುತ್ತೆ, ನೀವು ಬಾಯಿ ಬಿಟ್ಟು ನಿಲ್ಲುತ್ತೀರಿ. ನಿಲ್ಲಿಸೋಕೆ ಹೇಳಿ. ತಾಳವನ್ನೂ ನಿಲ್ಲಿಸೋಕೆ ಹೇಳಿ. ಬರೀ ಪಿಯಾನೋ ಟೋನ್ ಇಟ್ಟುಕೊಂಡು ಒಂದೇ ಪಟ್ಟಿಯನ್ನು ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ. ವ್ಯತ್ಯಾಸ ಕೇಳಲಿಲ್ಲವೋ, ನಮಸ್ಕಾರ ಹೇಳಿ. ನೂರಾರು ಟೋನ್ ಇದೆ ಅಂತಾನೆ. ವೇದಿಕೆಯಲ್ಲಿ ನಿಮಗೆ ಬೇಕಾಗೋದು ಹತ್ತು. ಆ ಹತ್ತು ಚೆನ್ನಾಗಿದೆಯಾ ಕೇಳಿ.

ಹಳೆಯದನ್ನು ಕೊಳ್ಳುವುದಾದರೆ ಮೊದಲ ಪ್ರಶ್ನೆ: ಸ್ಪೀಕರ್ ಎಲ್ಲಿದೆ? ಎರಡನೆಯದು, 61 ಪಟ್ಟಿಯನ್ನೂ ಒಂದೊಂದಾಗಿ ಒತ್ತಿ. ನಾಚಿಕೆ ಬೇಡ. ಪಟ್ಟಿಯ ಕೆಳಗೆ ರಬ್ಬರಿನ ಗುಂಡಿ, ಅದರ ತಳಕ್ಕೆ ಕಾರ್ಬನ್. ನಮ್ಮ ಕರಿಮಣ್ಣಿನ ಧೂಳು ಅಲ್ಲಿ ಸೇರಿದರೆ ಮೊದಲು ಒಂದೆರಡು ಪಟ್ಟಿ ಮೂಕ ಆಗುತ್ತವೆ, ಆಮೇಲೆ ಸಾಲು ಸಾಲು. ಬಿಚ್ಚಿ ಒರೆಸಿದರೆ ಎಷ್ಟೋ ಸಲ ಸರಿಹೋಗುತ್ತೆ, ದರ ಇಳಿಸೋಕೆ ಇದು ಒಳ್ಳೆ ನೆಪ. ಮೂರನೆಯದು ಅಡಾಪ್ಟರ್. ಅದರದೇ ಅಡಾಪ್ಟರ್ ಜೊತೆಗೆ ಇಸಿದುಕೊಳ್ಳಿ. ಕೆಲವದರಲ್ಲಿ ನಡುವಿನ ಪಿನ್ನು ಪ್ಲಸ್, ಕೆಲವದರಲ್ಲಿ ಮೈನಸ್. ತೂತಿಗೆ ಹಿಡಿಸಿತು ಅಂತ ಇನ್ಯಾವುದನ್ನೋ ಚುಚ್ಚಿದರೆ ಹೊಗೆ.

ಇನ್ನು ನನ್ನ ಪೆಟ್ಟಿಗೆ ಏನಾಯಿತು ಅಂತೀರಾ? ಎರಡು ವರ್ಷ ಗೋಣಿಚೀಲದಲ್ಲಿ ಮಲಗಿತ್ತು. ಬಂದಷ್ಟಕ್ಕೆ ಮಾರಿದೆ, ಒಂದು ಎಮ್ಮೆಯ ಕಿಮ್ಮತ್ತೂ ಬರಲಿಲ್ಲ. ಆ ದುಡ್ಡಿನಲ್ಲಿ ಸ್ಪೀಕರ್ ಇರೋ ಸಣ್ಣ ಕೀಬೋರ್ಡ್ ತಂದೆ. ಮೊದಲ ಸಲ ಒಂದು ಮದುವೆಯಲ್ಲಿ ಬಾರಿಸಿ 50 ರೂಪಾಯಿ ತಂದು ಅಪ್ಪನ ಮುಂದೆ ಇಟ್ಟೆ. ಅಪ್ಪ ಎಣಿಸಿ ನೋಡಿ ಕೇಳಿದರು: “ಇದು ಸದ್ದು ಮಾಡತೈತೇನು?” ಅಷ್ಟೇ. ಎಮ್ಮೆಯ ಮಾತು ಅವರು ಸಾಯುವ ತನಕ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಅಂತ ಈಗ ಅನಿಸುತ್ತೆ.

ತಮ್ಮಾ, ಲಚ್ಯಾಣದ ಹುಡುಗಾ, ಈಗ ನಿನಗೆ ಹೇಳ್ತೀನಿ. ನೀನು ಸೇರಬೇಕಂತಿರೋ ಆರ್ಕೆಸ್ಟ್ರಾದವರನ್ನು ಮೊದಲು ಕೇಳು, ಅವರ ಹತ್ತಿರ ಯಾವ ವಾದ್ಯ ಇದೆ, ನಿನ್ನಿಂದ ಏನು ಬಯಸ್ತಾರೆ ಅಂತ. ಕೆಲವು ಕಡೆ ಸಿಂಥಸೈಜರ್ ಮಾಲೀಕನದೇ ಇರುತ್ತೆ, ನೀನು ಕೈ ಮಾತ್ರ ತಂದರೆ ಸಾಕು. ನಿನ್ನ ದುಡ್ಡಿಗೆ ಟಚ್ ಇರೋ, ಬೆಂಡರ್ ಇರೋ, ತಬಲಾ ತಂಬೂರಿ ಇರೋ 61 ಪಟ್ಟಿಯ ಕೀಬೋರ್ಡ್. ಜೊತೆಗೆ ಒಂದು ಸಸ್ಟೇನ್ ಪೆಡಲ್, ಒಂದು ಸ್ಟ್ಯಾಂಡ್, ಒಂದು ಹೆಡ್‌ಫೋನ್ (ಆಯಿ ಮಲಗಿದ ಮೇಲೂ ಕಲಿಯೋಕೆ). ಉಳಿದದ್ದನ್ನು ಅಪ್ಪಾರ ಕೈಗೆ ತಿರುಗಿ ಕೊಡು. ಮತ್ತೆ ಕೇಳಬ್ಯಾಡ ಅಂದಾರಲ್ಲ, ಕೇಳೋ ಬದಲು ಕೊಟ್ಟು ನೋಡು. ಒಂದೆರಡು ಜಾತ್ರೆ ಸೀಸನ್ನು ದುಡಿದು ನಿನ್ನ ದುಡ್ಡಿನಲ್ಲೇ ಆ ದೊಡ್ಡದನ್ನು ತರುವೆಯಂತೆ.

ಅದಕ್ಕೂ ಮೊದಲು ಒಂದು ಕೆಲಸ. ಮಠದ ಪೇಟಿಯ ಮುಂದೆ ಕೂಡು. ನಿನಗೆ ಸಲಹೆ ಕೊಟ್ಟ ದೋಸ್ತ ಇದ್ದಾನಲ್ಲ, ಅವನಿಗೆ ಗಾಳಿ ಹಾಕೋಕೆ ಹೇಳು. ಈಗ ನಿನ್ನ ಎಡಗೈ ಖಾಲಿ. ಅದರಲ್ಲಿ ಸಾ-ಗ-ಪ ಮೂರನ್ನೂ ಒಟ್ಟಿಗೆ ಹಿಡಿ. ಆಮೇಲೆ ಮ-ಧ-ಸಾ. ಆಮೇಲೆ ಪ-ನಿ-ರಿ. ಎಲ್ಲ ಶುದ್ಧ ಸ್ವರ. ಬಲಗೈಯಲ್ಲಿ ನಿನಗೆ ಗೊತ್ತಿರೋ ಶುದ್ಧ ಸ್ವರದ ಒಂದು ಭಜನೆ ನಡೆಸು, ಎಡಗೈ ಈ ಮೂರರ ನಡುವೆ ಓಡಾಡಲಿ. ಯಾವಾಗ ಯಾವುದಕ್ಕೆ ಹೋಗಬೇಕು ಅಂತ ನಿನ್ನ ಕಿವಿಯೇ ಹೇಳುತ್ತೆ. ಮೊದಲ ವಾರ ಎರಡೂ ಕೈ ಜಗಳ ಆಡ್ತಾವೆ. ದೋಸ್ತನ ತೋಳು ನೋಯುತ್ತೆ, ನೋಯಲಿ ಬಿಡು!

ಒಂದು ಭಜನೆ ಪೂರ್ತಿ, ನಿಲ್ಲದೆ, ತಪ್ಪದೆ ಮುಗಿದ ದಿನ ನನಗೊಂದು ಪತ್ರ ಹಾಕು. ಸೋಲಾಪುರದ ಗಾಡಿಗೆ ನಾನೂ ಬರ್ತೀನಿ. ಅಪ್ಪಾರನ್ನೂ ಕರ್ಕೊಂಡು ಬಾ.